ವಾರಕ್ಕೊಂದು ಗಂಟೆ

"ಅಲ್ಲ ತಮ್ಮಾ, ಗುರುವಾರ ಬಂತು ಅಂದ್ರೆ ಅಂಗಡಿನ ಹುಡುಗನ ಕೈಗೆ ಕೊಟ್ಟು, ಇಸ್ತ್ರಿ ಅಂಗಿ ಹಾಕ್ಕೊಂಡು ಹೊರಡ್ತೀಯಲ್ಲ. ಆ ರೋಟರಿಯಲ್ಲಿ ವಾರ ವಾರ ಮಾಡೋದಾದ್ರೂ ಏನು? ಪೇಪರ್ ನೋಡಿದ್ರೆ ಶಾಲು ಹೊದಿಸೋದು, ಫೋಟೋ ತೆಗೆಸ್ಕೊಳ್ಳೋದು ಇಷ್ಟೇ ಕಾಣತ್ತೆ."

ದಾಸವಾಳದ ಬೇಲಿಯ ಆಚೆಯಿಂದ ಕೇಳಿದವರು ಅಕ್ಕೋರು. ನನಗೆ ಮಗ್ಗಿ ಕಲಿಸಿದವರು. ಅವರ ಪ್ರಶ್ನೆಗೆ ಅರ್ಧ ಉತ್ತರ ಕೊಟ್ಟು ತಪ್ಪಿಸಿಕೊಳ್ಳುವ ಹಾಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಹೂವಿನ ಬುಟ್ಟಿಯನ್ನು ಗೂಟಕ್ಕೆ ಸಿಕ್ಕಿಸಿ ಅವರು ನಿಂತರು, ಹಲ್ಲುಜ್ಜಿ ಮುಖ ತೊಳೆದಿದ್ದ ನಾನೂ ಟವೆಲ್ ಹೆಗಲಿಗೆ ಹಾಕಿಕೊಂಡು ನಿಂತೆ.

ಶಾಲು, ಫೋಟೋ ಎರಡೂ ಇರುವುದು ನಿಜ. ಆದರೆ ಪೇಪರಿಗೆ ಹೋಗುವುದು ಕಾರ್ಯಕ್ರಮದ ದಿನದ ಸುದ್ದಿ. ಅದಕ್ಕಿಂತ ಮೊದಲಿನ ಗುರುವಾರಗಳು, ಅದಾದ ಮೇಲಿನ ಗುರುವಾರಗಳು ಯಾವ ಪೇಪರಿಗೂ ಹೋಗುವುದಿಲ್ಲ. ನನ್ನನ್ನು ಕೇಳಿದರೆ ಕ್ಲಬ್ಬು ಬದುಕಿರುವುದೇ ಆ ಗುರುವಾರಗಳಲ್ಲಿ.

"ಅಂಥದ್ದೇನು ನಡೆಯತ್ತೆ ಅಲ್ಲಿ?"

ಏಳು ಗಂಟೆಗೆ ಅಧ್ಯಕ್ಷರು ಗಂಟೆ ಬಾರಿಸುತ್ತಾರೆ. ಪ್ರಾರ್ಥನೆ ಆಗುತ್ತದೆ. ಆ ವಾರ ಹುಟ್ಟುಹಬ್ಬ, ಮದುವೆಯ ದಿನ ಇರುವವರಿಗೆ ಚಪ್ಪಾಳೆ. ಮಗಳಿಗೆ ಮೆಡಿಕಲ್ ಸೀಟು ಸಿಕ್ಕಿತು, ತೋಟಕ್ಕೆ ಹೊಸ ಬಾವಿ ಆಯಿತು ಅಂತ ಯಾರಾದರೂ ಖುಷಿಯಿಂದ ಡಬ್ಬಿಗೆ ನೂರೋ ಇನ್ನೂರೋ ಹಾಕುತ್ತಾರೆ. ಆಮೇಲೆ ಸೆಕ್ರೆಟರಿ ಎದ್ದು ಹಿಂದಿನ ವಾರದ ವರದಿ ಓದುತ್ತಾರೆ. ಇಡೀ ಸಭೆಯ ಜೀವ ಇರುವುದು ಈ ಓದಿನಲ್ಲಿ. ಕಳೆದ ಗುರುವಾರ ಯಾರು ಯಾವ ಕೆಲಸ ಒಪ್ಪಿಕೊಂಡಿದ್ದರು, ಅದು ಆಯಿತಾ, ಆಗದಿದ್ದರೆ ಯಾಕೆ. ಎಲ್ಲರೂ ಊರಿನವರೇ, ಎಲ್ಲರಿಗೂ ಎಲ್ಲರ ಮುಖ ಗೊತ್ತು. ಇನ್ನೊಂದು ವಾರ ಬಿಟ್ಟು ಅದೇ ಮುಖಗಳ ಎದುರು ನಿಂತು ಹೇಳಬೇಕು ಅನ್ನುವ ಒಂದೇ ಕಾರಣಕ್ಕೆ ಎಷ್ಟೋ ಕೆಲಸ ಆಗಿಬಿಡುತ್ತವೆ. ನಾನು ಇದನ್ನು ತುಂಬ ಗೌರವದಿಂದ ಹೇಳುತ್ತಿದ್ದೇನೆ. ಒಳ್ಳೆಯ ಮನಸ್ಸು ಬಹಳ ಜನಕ್ಕೆ ಇರುತ್ತದೆ, ಅದಕ್ಕೊಂದು ವಾರ, ಒಂದು ಗಂಟೆ ಗೊತ್ತುಮಾಡುವವರು ಕಡಿಮೆ.

"ತಿಂಡಿ, ಕಾಫಿ ಇರತ್ತಲ್ಲ?" ಅಂದರು ಅಕ್ಕೋರು.

ಇರುತ್ತದೆ. ಅದು ಸದಸ್ಯರ ಚಂದಾದಲ್ಲಿ. ಜನ ಶಿಬಿರಕ್ಕೆ ಅಂತ ಕೊಟ್ಟ ದುಡ್ಡಿಗೆ ಬೇರೆಯೇ ಖಾತೆ. ಕಾಫಿ ಕುಡಿಯುತ್ತಾ ಒಟ್ಟಿಗೆ ಕೂರುವುದನ್ನು ನಾನು ಸಣ್ಣದು ಅನ್ನಲಾರೆ. ರೋಟರಿ ಹುಟ್ಟಿದ್ದೇ ಹಾಗೆ. 1905ರ ಫೆಬ್ರವರಿ 23ರಂದು ಶಿಕಾಗೋದಲ್ಲಿ ಪಾಲ್ ಹ್ಯಾರಿಸ್ ಅನ್ನುವ ವಕೀಲರು ಮೂರು ಮಂದಿ ಸ್ನೇಹಿತರನ್ನು ಸೇರಿಸಿದರು. ಹ್ಯಾರಿಸ್ ವರ್ಮಾಂಟಿನ ಸಣ್ಣ ಊರಿನಲ್ಲಿ ಬೆಳೆದವರು. ದೊಡ್ಡ ಪಟ್ಟಣದಲ್ಲಿ ದುಡಿಮೆ ಇತ್ತು, ಪರಿಚಯದವರಿದ್ದರು, ಊರಿನ ಆಪ್ತತೆ ಇರಲಿಲ್ಲ. ಒಬ್ಬೊಬ್ಬರ ಕಚೇರಿಯಲ್ಲಿ ಸರದಿಯ ಮೇಲೆ ಸೇರುತ್ತಿದ್ದುದರಿಂದ ರೋಟರಿ, ಅಂದರೆ ಸುತ್ತುವಂಥದ್ದು, ಅನ್ನುವ ಹೆಸರು ಬಂತು. ಭಾರತಕ್ಕೆ ಅದು ಬಂದದ್ದು 1919ರಲ್ಲಿ, ಕಲ್ಕತ್ತಾಕ್ಕೆ. ಒಂದು ವೃತ್ತಿಗೆ ಒಬ್ಬರು ಅಂತ ಹಳೆಯ ಕಾಲದ ನಿಯಮವಿತ್ತು. ಈಗ ಅಷ್ಟು ಬಿಗಿಯಿಲ್ಲದಿದ್ದರೂ ಅದರ ಗುಣ ಉಳಿದಿದೆ. ನಮ್ಮಲ್ಲಿ ಅಡಿಕೆ ವ್ಯಾಪಾರಿ, ದಂತವೈದ್ಯರು, ಬ್ಯಾಂಕಿನ ಮ್ಯಾನೇಜರು, ವೈರಿಂಗ್ ಕಂಟ್ರಾಕ್ಟರು, ಪ್ರೆಸ್ಸಿನವರು, ಔಷಧಿ ಅಂಗಡಿಯ ನಾನು ಎಲ್ಲ ಒಂದೇ ಮೇಜಿನ ಸುತ್ತ. ಬಸ್ಸು ಬೇಕು ಅಂದರೆ ಬಸ್ಸಿನವರು ಅಲ್ಲೇ, ಕರಪತ್ರ ಅಂದರೆ ಪ್ರೆಸ್ಸಿನವರು ಅಲ್ಲೇ.

"ಕಣ್ಣಿನ ಶಿಬಿರ ಮಾಡಿದ್ರಲ್ಲ ನಮ್ಮ ಶಾಲೇಲಿ, ಅದಕ್ಕೂ ಹೀಗೇ?"

ಕಣ್ಣಿನ ಶಿಬಿರದ ಮಾತು ಬಂದರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಅಕ್ಕೋರ ಕಾಲದವರಿಗೆ ಶಿಬಿರ ಅಂದರೆ ಬೀಳಗಿಯ ಡಾ. ಎಂ. ಸಿ. ಮೋದಿಯವರ ನೆನಪು. ಶಾಲೆಯ ಕೋಣೆಯಲ್ಲಿ, ಚಪ್ಪರದಡಿಯಲ್ಲಿ ಸಾಲಾಗಿ ಮಲಗಿಸಿ ಪೊರೆ ತೆಗೆಯುತ್ತಿದ್ದ ಮಹಾನುಭಾವರು. ಈಗ ಆಪರೇಷನ್ ಶಿಬಿರದ ಜಾಗದಲ್ಲಿ ಮಾಡುವುದಿಲ್ಲ. ಸೋಂಕಿನ ಭಯ. ಶಾಲೆಯಲ್ಲಿ ತಪಾಸಣೆ ಮಾತ್ರ, ಆಪರೇಷನ್ ದೊಡ್ಡ ಆಸ್ಪತ್ರೆಯಲ್ಲಿ. ಇದು ಒಳ್ಳೆಯ ಬದಲಾವಣೆ. ಆದರೆ ಅದರಿಂದ ಊರಿನವರ ಕೆಲಸ ಹೆಚ್ಚಾಯಿತು. ಶಾಲೆಯಲ್ಲಿ ಪೊರೆ ಇದೆ ಅಂತ ಬರೆಸಿಕೊಂಡ ಅಜ್ಜ ಅಜ್ಜಿಯರನ್ನು ಘಟ್ಟದ ರಸ್ತೆಯಲ್ಲಿ ಬಸ್ಸಿನಲ್ಲಿ ಆಸ್ಪತ್ರೆಗೆ ಮುಟ್ಟಿಸಬೇಕು, ಕರೆದುಕೊಂಡು ಬರಬೇಕು.

ಮೊದಲ ಗುರುವಾರ ಆಸ್ಪತ್ರೆಯ ದಿನ ಗೊತ್ತಾಗುತ್ತದೆ. ಗದ್ದೆ ನಾಟಿ ಇರಬಾರದು, ಅಡಿಕೆ ಕೊಯ್ಲಿನ ನಡುವೆ ಬರಬಾರದು, ಜಾತ್ರೆ ತಾಗಬಾರದು. ಮುಂದಿನ ವಾರ ಸಂತೆಯಲ್ಲಿ ಕರಪತ್ರ, ಆಟೋಕ್ಕೆ ಮೈಕು, ಹಾಲಿನ ಡೇರಿಯ ಗೋಡೆಗೆ ಚೀಟಿ. ಅದಾದ ವಾರ ಹಳ್ಳಿ ಹಳ್ಳಿಯ ಆಶಾ ಕಾರ್ಯಕರ್ತೆಯರ ಹತ್ತಿರ ಪಟ್ಟಿ. ಶಿಬಿರದ ದಿನ ಕಣ್ಣಿನ ಜೊತೆಗೆ ಬಿ.ಪಿ., ಶುಗರ್ ನೋಡುತ್ತಾರೆ. ಶುಗರ್ ಹೆಚ್ಚಿದ್ದವರನ್ನು ಹತೋಟಿಗೆ ಬಂದ ಮೇಲೆ ಬನ್ನಿ ಅಂತ ಕಳಿಸುತ್ತಾರೆ. ಅಲ್ಲೇ ಜನ ಕೈತಪ್ಪುವುದು. ಒಮ್ಮೆ ಬೇಡ ಅನ್ನಿಸಿಕೊಂಡ ಅಜ್ಜ ಮತ್ತೆ ತಾನಾಗಿ ಬರುವುದಿಲ್ಲ, ನನ್ನ ಕಣ್ಣು ಆಗುವಂಥದ್ದಲ್ಲ ಅಂತ ತೀರ್ಮಾನಿಸಿ ಜಗಲಿಯ ಮೂಲೆ ಹಿಡಿಯುತ್ತಾನೆ. ಅಂಥವರ ಹೆಸರು ನಮ್ಮ ವರದಿ ಪುಸ್ತಕದಲ್ಲಿ ಬೇರೆ ಪುಟದಲ್ಲಿದೆ. ಮಾತ್ರೆ ತೆಗೆದುಕೊಳ್ಳುತ್ತಿದ್ದಾರಾ ಅಂತ ನೋಡುವುದು ನನ್ನ ಪಾಲಿನ ಕೆಲಸ, ಅಂಗಡಿ ನನ್ನದಲ್ಲವೇ.

ಒಬ್ಬ ಅಜ್ಜಿ ಬಸ್ಸು ಹೊರಡುವ ಬೆಳಿಗ್ಗೆ ಬರುವುದಿಲ್ಲ ಅಂದುಬಿಟ್ಟಳು. ಹೆದರಿಕೆಯಿಂದಲ್ಲ. ಎಮ್ಮೆಯ ಹಾಲು ಹಿಂಡುವವರು ಯಾರು ಅಂತ. ಕಂಟ್ರಾಕ್ಟರ್ ಸದಸ್ಯರು ಪಕ್ಕದ ಕೇರಿಗೆ ಹೋಗಿ ಒಬ್ಬ ಹೆಂಗಸನ್ನು ಒಪ್ಪಿಸಿ ಬಂದರು, ಆಮೇಲೆ ಅಜ್ಜಿ ಬಸ್ಸು ಹತ್ತಿದಳು. ಆಪರೇಷನ್ ಆಗಿ ವಾರ ಬಿಟ್ಟು ನೋಡಲು ಹೋದಾಗ, "ಇಷ್ಟೆಲ್ಲ ಮಸಿ ಹಿಡಿದಿತ್ತನಾ ನನ್ನ ಒಲೆಗೋಡೆ!" ಅಂತ ಸೆರಗು ಸಿಕ್ಕಿಸಿ ಸುಣ್ಣ ಕಲಸುತ್ತಾ ಕೂತಿದ್ದಳು. ಕಣ್ಣಿಗೆ ಸುಣ್ಣ ಹಾರುತ್ತದೆ, ಒಂದು ತಿಂಗಳು ತಡಿ ಅಂತ ಕೈಮುಗಿದು ಬಿಡಿಸಬೇಕಾಯಿತು. ಆಪರೇಷನ್ ಮುಗಿಯಿತು ಅಂದರೆ ಮುಗಿಯಲಿಲ್ಲ ಅಕ್ಕೋರೇ. ವಾರಗಟ್ಟಲೆ ಹನಿ ಔಷಧಿ ಬಿಡಬೇಕು, ಕಣ್ಣಿಗೆ ನೀರು, ಹೊಗೆ ತಾಗಬಾರದು, ಬಗ್ಗಿ ಭಾರ ಎತ್ತಬಾರದು. ಒಂಟಿಯಾಗಿರುವ ಮುದುಕರಿಗೆ ಹನಿ ಬಿಡುವವರು ಯಾರು? ಈ ಪ್ರಶ್ನೆ ಇಟ್ಟುಕೊಂಡು ನಮ್ಮ ಎಷ್ಟೋ ಗುರುವಾರಗಳು ಕಳೆದಿವೆ.

"ಹನಿ ಬಿಡೋದು ಶಾಲೆಗೆ ಹೋಗೋ ಮಕ್ಕಳಿಗೂ ಕಲಿಸಬಹುದು, ಕೈ ತೊಳೆದು ಮಾಡಬೇಕು ಅಷ್ಟೆ" ಅಂದರು ಅಕ್ಕೋರು. ನಾನು ಮನಸ್ಸಿನಲ್ಲಿ ಬರೆದುಕೊಂಡೆ.

ರಕ್ತದಾನದ ವಿಷಯವೂ ಹೀಗೇ ವಾರದ ಲೆಕ್ಕ ಬೇಡುವಂಥದ್ದು. ಅಕ್ಟೋಬರ್ 1ರ ರಕ್ತದಾನ ದಿನ, ಸ್ವಾತಂತ್ರ್ಯ ದಿನ, ನಾಯಕರ ಹುಟ್ಟುಹಬ್ಬ ಅಂತ ಎಲ್ಲರೂ ಒಂದೇ ದಿನ ಶಿಬಿರ ಮಾಡಿದರೆ ಚೀಲಗಳು ರಾಶಿ ಬೀಳುತ್ತವೆ. ಕೆಂಪು ರಕ್ತಕಣ 35ರಿಂದ 42 ದಿನ ಉಳಿದೀತು, ಪ್ಲೇಟ್‌ಲೆಟ್ ಐದೇ ದಿನ. ಮಳೆಗಾಲದಲ್ಲಿ ಡೆಂಗ್ಯೂ ಜ್ವರ ಹಬ್ಬಿದಾಗ ಬೇಕಾಗುವುದು ಆ ಪ್ಲೇಟ್‌ಲೆಟ್ಟೇ. ಅದೇ ಹೊತ್ತಿಗೆ ಕಾಲೇಜಿಗೆ ಮಳೆ ರಜೆ, ಕೊಡುವ ಹುಡುಗರು ಊರಿಗೆ ಹೋಗಿರುತ್ತಾರೆ. ಆದ್ದರಿಂದ ನಮ್ಮ ಹತ್ತಿರ ಹೆಸರು, ಗುಂಪು, ಕೊನೆಯ ಬಾರಿ ಕೊಟ್ಟ ತಾರೀಖು ಬರೆದ ಪಟ್ಟಿ ಇದೆ. ಗಂಡಸರು ಕೊಟ್ಟ ಮೇಲೆ 90 ದಿನ, ಹೆಂಗಸರು 120 ದಿನ ಬಿಡಬೇಕು. ಹಿಮೋಗ್ಲೋಬಿನ್ 12.5 ಇರಬೇಕು. ಯಾರ ಅವಧಿ ಮುಗಿಯಿತು ಅಂತ ಗುರುವಾರ ಗುರುತು ಹಾಕಿಟ್ಟರೆ ರಾತ್ರಿ ಹೆರಿಗೆ ವಾರ್ಡಿನಿಂದ ಫೋನು ಬಂದಾಗ ಹುಡುಕುತ್ತಾ ಕೂರಬೇಕಿಲ್ಲ.

"ಪೋಲಿಯೋ ಹನಿ ಕೂಡ ನಿಮ್ಮವರೇ ಅಲ್ವ ಶುರು ಮಾಡಿದ್ದು?"

ಇದನ್ನು ಅಕ್ಕೋರಿಗೆ ನಾನು ಹೇಳಿಕೊಡುವುದೇನಿದೆ. ಭಾನುವಾರ ರಜೆ ಬಿಟ್ಟು ಬೂತಿನಲ್ಲಿ ಕೂತು, ಮಕ್ಕಳ ಎಡಗೈ ಕಿರುಬೆರಳಿಗೆ ಶಾಯಿ ಹಚ್ಚಿದವರು ಅವರು. ರೋಟರಿ 1979ರಲ್ಲಿ ಫಿಲಿಪ್ಪೀನ್ಸ್ ಮಕ್ಕಳಿಗೆ ಹನಿ ಹಾಕುವ ಕೆಲಸ ಹಿಡಿಯಿತು. 1985ರಲ್ಲಿ ಪೋಲಿಯೋ ಪ್ಲಸ್ ಅಂತ ಜಗತ್ತಿಗೇ ವಿಸ್ತರಿಸಿತು. 1988ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್, ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಎಲ್ಲ ಜೊತೆಯಾದವು. ನಮ್ಮ ದೇಶದಲ್ಲಿ ಪಲ್ಸ್ ಪೋಲಿಯೋ 1995ರಲ್ಲಿ. 2009ರಲ್ಲಿ ಕೂಡ ಭಾರತದಲ್ಲಿ 741 ಮಕ್ಕಳಿಗೆ ಪೋಲಿಯೋ ಬಂದಿತ್ತು, ಜಗತ್ತಿನಲ್ಲೇ ಹೆಚ್ಚು. ಎರಡೇ ವರ್ಷದಲ್ಲಿ, 2011ರ ಜನವರಿ 13ಕ್ಕೆ ಹೌರಾದಲ್ಲಿ ಕಂಡದ್ದು ಕೊನೆಯ ಪ್ರಕರಣ. 2014ರ ಮಾರ್ಚ್ 27ರಂದು ಪೋಲಿಯೋ ಮುಕ್ತ ಅನ್ನುವ ಪ್ರಮಾಣಪತ್ರ ಬಂತು. ದುಡ್ಡು ಯಾರೋ ಕೊಟ್ಟರು, ಸರ್ಕಾರ ವ್ಯವಸ್ಥೆ ಮಾಡಿತು, ಎಲ್ಲವೂ ಸರಿ. ಆದರೆ ಕಲ್ಲುಕ್ವಾರಿಯ ಶೆಡ್ಡಿನಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಕಬ್ಬು ಕಡಿಯಲು ಬಂದವರ ಗುಡಿಸಲಿನಲ್ಲಿ ಶಾಯಿ ಇಲ್ಲದ ಬೆರಳು ಹುಡುಕಿದವರು ಅಂಗನವಾಡಿಯವರು, ನರ್ಸಮ್ಮಂದಿರು, ಅಕ್ಕೋರಂಥ ಟೀಚರುಗಳು. ರೋಟರಿಯವರು ಜೀಪು ಕೊಟ್ಟರು, ಐಸ್ ಡಬ್ಬಿ ಹೊತ್ತರು, ಚಹಾ ತಿಂಡಿ ಮುಟ್ಟಿಸಿದರು. ಆ ಸಾಲಿನಲ್ಲಿ ನಮಗೂ ಒಂದು ಜಾಗ ಸಿಕ್ಕಿತಲ್ಲ ಅನ್ನುವುದು ನನಗೆ ದೊಡ್ಡ ಹೆಮ್ಮೆ.

ಅಕ್ಕೋರು ಸ್ವಲ್ಪ ಹೊತ್ತು ದಾಸವಾಳ ಬಿಡಿಸಿದರು. "ನಮ್ಮ ಬೂತಿಗೆ ಉಪ್ಪಿಟ್ಟು ತಂದವರು ನೆನಪಿದೆ. ಅವರು ಫೋಟೋ ತೆಗೆಸ್ಕೊಂಡಿರಲಿಲ್ಲ" ಅಂದರು.

ಜುಲೈ 1ಕ್ಕೆ ನಮ್ಮಲ್ಲಿ ಎಲ್ಲರ ಹುದ್ದೆ ಬದಲು. ಅಧ್ಯಕ್ಷರ ಕೊರಳಿನ ಕಾಲರ್ ಬೇರೆಯವರಿಗೆ ಹೋಗುತ್ತದೆ. ಒಂದೇ ವರ್ಷದ ಅವಧಿಯಾದ್ದರಿಂದ ಹೊಸಬರು ಹೊಸದೇ ಏನಾದರೂ ಉದ್ಘಾಟಿಸಲು ಆಸೆಪಡುತ್ತಾರೆ, ಹಳೆಯದು ಅರ್ಧಕ್ಕೇ ಉಳಿಯುತ್ತದೆ. ಇದು ಎಲ್ಲ ಸೇವಾ ಕ್ಲಬ್ಬುಗಳ ದೊಡ್ಡ ಕೊರತೆ ಅಂತ ನನಗನ್ನಿಸಿದೆ. ಆಸ್ಪತ್ರೆಗೆ ಕೊಟ್ಟ ಡಯಾಲಿಸಿಸ್ ಯಂತ್ರಕ್ಕೆ ಮರುವರ್ಷ ಬಿಡಿಭಾಗ ಬೇಕು, ಶಾಲೆಗೆ ಕೊಟ್ಟ ನೀರಿನ ಫಿಲ್ಟರಿಗೆ ಕ್ಯಾಂಡಲ್ ಬೇಕು. ವರದಿ ಪುಸ್ತಕವನ್ನು ವಾರ ವಾರ ಓದಿದರೆ ಮಾತ್ರ ಅವು ನೆನಪಿನಲ್ಲಿ ಉಳಿಯುತ್ತವೆ. 2016ರಲ್ಲಿ ರೋಟರಿಯೇ ನಿಯಮ ಸಡಿಲಿಸಿ ತಿಂಗಳಿಗೆ ಎರಡು ಸಭೆಯಾದರೂ ಸಾಕು ಅಂದಿತು. ದುಡಿಯುವ ಎಳೆಯರಿಗೆ ಅನುಕೂಲವಾಗಲಿ ಅಂತ. ಆ ಕಾರಣ ನನಗೆ ಅರ್ಥವಾಗುತ್ತದೆ. ಆದರೂ ನಮ್ಮಂಥ ಸಣ್ಣ ಊರಿನಲ್ಲಿ ವಾರದ ಸಭೆ ಬಿಡಬಾರದು ಅಂತ ಹಟ ಹಿಡಿದು ವಾದಿಸಿದವರಲ್ಲಿ ನಾನೂ ಒಬ್ಬ. ಎರಡು ವಾರ ಬಿಟ್ಟರೆ ಹನಿ ಔಷಧಿಯ ಅಜ್ಜಿಯನ್ನು ಕೇಳುವವರಿಲ್ಲ.

"ಹೆಂಗಸರನ್ನ ಸೇರಿಸ್ಕೋತಾರಾ, ಅಥವಾ ಹೆಂಡತಿಯಂದಿರು ಆರತಿ ಎತ್ತೋದಕ್ಕೆ ಮಾತ್ರವೋ?"

ಬಹಳ ಕಾಲ ಸೇರಿಸಿಕೊಂಡಿರಲಿಲ್ಲ. ಅಮೆರಿಕದ ಸುಪ್ರೀಂ ಕೋರ್ಟು 1987ರಲ್ಲಿ ಹೇಳಬೇಕಾಯಿತು, 1989ರಲ್ಲಿ ರೋಟರಿ ತನ್ನ ನಿಯಮ ತಿದ್ದಿತು. ಅಷ್ಟರಲ್ಲಿ ಹೆಂಗಸರು ಸುಮ್ಮನೆ ಕೂತಿರಲಿಲ್ಲ, 1924ರಲ್ಲೇ ಮ್ಯಾಂಚೆಸ್ಟರಿನಲ್ಲಿ ಇನ್ನರ್ ವ್ಹೀಲ್ ಅನ್ನುವ ತಮ್ಮದೇ ಕ್ಲಬ್ಬು ಕಟ್ಟಿದ್ದರು. 2022ರಲ್ಲಿ ಮೊದಲ ಬಾರಿ ಒಬ್ಬ ಮಹಿಳೆ, ಕೆನಡಾದ ಜೆನಿಫರ್ ಜೋನ್ಸ್, ಇಡೀ ರೋಟರಿಯ ಅಧ್ಯಕ್ಷರಾದರು. ನಮ್ಮ ಕ್ಲಬ್ಬಿನಲ್ಲೂ ಹೆಂಗಸರಿದ್ದಾರೆ, ಇನ್ನೂ ಕಡಿಮೆ. ಬೇಕಾಗಿದ್ದಾರೆ ಅಂತ ಬಾಯಿಬಿಟ್ಟು ಹೇಳಿದೆ. ಈಗಂತೂ ತೀರಾ ಬೇಕಾಗಿದ್ದಾರೆ, ಯಾಕೆಂದರೆ ಸಂತೆಮಾಳದಲ್ಲಿ ಶೌಚಾಲಯ ಕಟ್ಟಿಸುವ ಮಾತು ನಡೆದಿದೆ. ಶಿಕಾಗೋದ ರೋಟರಿಯವರು 1907ರಲ್ಲಿ ಮೊದಲು ಕೈಹಾಕಿದ ಊರ ಕೆಲಸವೂ ಸಾರ್ವಜನಿಕ ಶೌಚಾಲಯವೇ. ನಮ್ಮಲ್ಲಿ ನಕ್ಷೆ ಆಗಿದೆ, ಕಂಟ್ರಾಕ್ಟರ್ ಸದಸ್ಯರು ಅಂದಾಜುಪಟ್ಟಿ ತಂದಿದ್ದಾರೆ, ಪಟ್ಟಣ ಪಂಚಾಯ್ತಿ ನೀರು ಕೊಡಲು ಒಪ್ಪಿದೆ.

"ನಕ್ಷೆ ಮಾಡಿದವರು ಗಂಡಸರು ತಾನೇ?" ಅಕ್ಕೋರ ದನಿ ಕ್ಲಾಸ್‌ರೂಮಿನದಾಯಿತು. "ಒಳಗಡೆಯಿಂದ ಗಟ್ಟಿ ಚಿಲಕ ಇದೆಯಾ? ಸೊಪ್ಪು ಮಾರೋಳು ದುಡ್ಡಿನ ಚೀಲ ಎಲ್ಲಿ ನೇತುಹಾಕಬೇಕು, ಒಂದು ಮೊಳೆ ಇದೆಯಾ? ಬಟ್ಟೆ, ಪ್ಯಾಡ್ ಹಾಕೋದಕ್ಕೆ ಮುಚ್ಚಳದ ಡಬ್ಬಿ? ಬಾಗಿಲು ಸಂತೆ ಕಡೆ ಮುಖ ಮಾಡಿದ್ರೆ ಯಾವ ಹೆಂಗಸೂ ಹೋಗಲ್ಲ, ಹಿಂದಿನ ಓಣಿ ಕಡೆ ತಿರುಗಿಸಬೇಕು. ದಿನಾ ತೊಳೆಯೋರಿಗೆ ಸಂಬಳ ಯಾರು ಕೊಡ್ತಾರೆ? ಸಂತೆ ದಿನ ಮಾತ್ರ ತೊಳೆದ್ರೆ ಮಾರನೇ ವಾರಕ್ಕೆ ಬೀಗ ಬೀಳತ್ತೆ."

ಚೀಲ ನೇತುಹಾಕುವ ಮೊಳೆ ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ಬಾಗಿಲ ದಿಕ್ಕೂ ಅಷ್ಟೆ. ಸಂಬಳದ ಮಾತು ಎರಡು ವಾರದಿಂದ ಬರುತ್ತಿದೆ, ಬಗೆಹರಿದಿಲ್ಲ. ಬರುವ ಗುರುವಾರ ಬಂದು ಇದನ್ನೇ ಹೇಳಿ ಅಕ್ಕೋರೇ, ನಾನು ಹೇಳಿದರೆ ಈ ತೂಕ ಬರುವುದಿಲ್ಲ ಅಂದೆ. ಬುಟ್ಟಿ ಎತ್ತಿಕೊಂಡು ಅವರು ಯೋಚಿಸಿದರು.

"ಬರ್ತೀನಿ. ಆದ್ರೆ ಸೊಪ್ಪಿನ ಕಮಲಿನೂ ಕರ್ಕೊಂಡು ಬರ್ತೀನಿ. ಮೂವತ್ತು ವರ್ಷದಿಂದ ಆ ಸಂತೇಲಿ ಕೂತವಳು ಅವಳು. ಅವಳಿಗೂ ಒಂದು ಕುರ್ಚಿ ಹಾಕ್ಸು."