ಆಸ್ಕರನ ಕೇಶಸಂಸ್ಕಾರ

ಪರದೇಶಕ್ಕೆ ತೆರಳುವ ಮಕ್ಕಳು ಹುಟ್ಟೂರಿನ ಮನೆಯಲ್ಲಿ ಬಿಟ್ಟುಹೋಗುವ ವಸ್ತುಗಳಾವುವೆಂದು ವಿಚಾರಿಸಹೊರಟರೆ, ಚಾಲೂ ಆಗದ ಸ್ಕೂಟರು, ಬೀಗದಕೈ ಕಳೆದುಹೋದ ಕಪಾಟು, ಒಮ್ಮೆಯೂ ತೆರೆಯದೆ ಗೆದ್ದಲಿಗೆ ನಿವೇದಿತವಾದ ಇಂಜಿನಿಯರಿಂಗ್ ಗ್ರಂಥಗಳು ಎಂದು ಮುಂತಾಗಿ ಬ್ರಹ್ಮಾವರದಿಂದ ಬೈಂದೂರಿನವರೆಗಿನ ಪ್ರತಿಯೊಂದು ಮನೆಯೂ ತನ್ನ ಪಾಲನ್ನು ಹೇಳೀತು. ನಮ್ಮ ಪಾಲಿಗೆ ಬಂದುದು ಮಾತ್ರ ಸಜೀವವಾದ ಒಂದು ನಿಕ್ಷೇಪ. ಬೆಂಗಳೂರಿನಲ್ಲಿದ್ದಾಗ ಮಗನೂ ಸೊಸೆಯೂ ಮೊಮ್ಮಗನ ಹಟಕ್ಕೆ ಮಣಿದು ಕೊಂಡುತಂದ ಕಾಕರ್ ಸ್ಪ್ಯಾನಿಯೆಲ್ ಜಾತಿಯ ಆಸ್ಕರನು, ಕಂಪೆನಿಯವರು ಅವರನ್ನು ಇಂಗ್ಲೆಂಡಿನ ಲೆಸ್ಟರ್ ನಗರಕ್ಕೆ ವರ್ಗಾಯಿಸಿದಾಗ, “ಸ್ವಲ್ಪ ದಿವ್ಸ ಮಾತ್ರ ಅಪ್ಪಯ್ಯ” ಎಂಬ ವಾಗ್ದಾನದೊಡನೆ ಕುಂದಾಪುರದ ನಮ್ಮ ಜಗಲಿಯನ್ನೇರಿದನು. ಇಂಗ್ಲೆಂಡಿನ ಕುಲದ ನಾಯಿ ಕುಂದಾಪುರದಲ್ಲಿ, ಕುಂದಾಪುರದ ಕುಟುಂಬ ಇಂಗ್ಲೆಂಡಿನಲ್ಲಿ: 1947ರ ತರುವಾಯ ಉಭಯ ದೇಶಗಳ ನಡುವೆ ಇಷ್ಟು ಸಮತೂಕದ ವಿನಿಮಯ ನಡೆದುದನ್ನು ನಾನಂತೂ ಕೇಳಿಲ್ಲ.

ಪೊದೆಗಳಲ್ಲಿ ನುಸುಳಿ ಹಕ್ಕಿಗಳನ್ನೆಬ್ಬಿಸಿ ಬೇಟೆಗಾರನ ಕೋವಿಗೆ ಒಪ್ಪಿಸಲೆಂದು ಶೀತದೇಶದವರು ತಲೆಮಾರುಗಳಿಂದ ಸಾಕಿ ಬೆಳೆಯಿಸಿದ ಈ ಜಾತಿಗೆ ಕಿವಿ, ಎದೆ, ಹೊಟ್ಟೆ, ಕಾಲುಗಳಲ್ಲೆಲ್ಲ ರೇಷ್ಮೆಯಂಥ ನೀಳ ಕೂದಲು. ಅದರಡಿಯಲ್ಲಿ ಬೆಚ್ಚಗಿಡಲು ಮೃದುವಾದ ಇನ್ನೊಂದು ಪದರ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ಈ ವೈಭವವು ಕೆಸರನ್ನೂ ಉಣ್ಣಿಗಳನ್ನೂ ಅಂಗಳದ ಸಮಸ್ತ ತರಗೆಲೆಗಳನ್ನೂ ಮನೆಯೊಳಕ್ಕೆ ಸಾಗಿಸುವ ಸಾಧನವಾಗಿ ಪರಿಣಮಿಸಿತು. ಜೋತುಬಿದ್ದ ಕಿವಿಗಳೊಳಗೆ ಗಾಳಿಯಾಡದೆ ಆಷಾಢದಲ್ಲಿ ಹುಟ್ಟುತ್ತಿದ್ದ ಗಂಧವನ್ನು ವರ್ಣಿಸದಿರುವುದೇ ಲೇಸು.

ನಮ್ಮ ಕೋಟದವರೇ ಆದ ಶಿವರಾಮ ಕಾರಂತರ ‘ಚೋಮನ ದುಡಿ’ ಹೊರಬಂದ 1933ರಲ್ಲಿಯೇ ಅತ್ತ ಲಂಡನ್ನಿನಲ್ಲಿ ವರ್ಜೀನಿಯಾ ವೂಲ್ಫ್ ‘ಫ್ಲಷ್’ ಎಂಬ ಪುಸ್ತಕವನ್ನು ಪ್ರಕಟಿಸಿದರು. ಹೊಟ್ಟೆಗೇ ಗತಿಯಿಲ್ಲದ ಚೋಮನಿಗೆ ತನ್ನ ನಾಯಿ ಬಾಡುವಿನ ಮೈಬಾಚುವ ಪುರುಸೊತ್ತೆಲ್ಲಿಂದ ಬರಬೇಕು? ಫ್ಲಷ್ ಎಂಬುದಾದರೋ ಕವಯಿತ್ರಿ ಎಲಿಜಬೆತ್ ಬ್ಯಾರೆಟ್ ಬ್ರೌನಿಂಗರು ಸಾಕಿದ ಕಾಕರ್ ಸ್ಪ್ಯಾನಿಯೆಲ್. ದಂಪತಿಗಳು ಇಟಲಿಯ ಫ್ಲಾರೆನ್ಸಿನಲ್ಲಿ ಸಂಸಾರ ಹೂಡಿದಾಗ ಆ ಸೆಖೆಯ ಊರಿನ ಚಿಗಟಗಳ ಬಾಧೆ ತಾಳಲಾರದಾಗಿ, ಪತಿ ರಾಬರ್ಟ್ ಬ್ರೌನಿಂಗರು ಸ್ವಹಸ್ತದಿಂದ ಕತ್ತರಿ ಹಿಡಿದು ಅದರ ಕೂದಲನ್ನು ಇಳಿಸಿ ಸಿಂಹದ ರೂಪಕ್ಕೆ ತಂದರಂತೆ. ಅಂಥ ಮಹಾಕವಿಯೇ ನಾಯಿಗೆ ಕ್ಷೌರಿಕನಾಗಿ ನಿಂತಿರುವಾಗ ಪಿಂಚಣಿ ಪಡೆಯುವ ಹೆಡ್ಮಾಸ್ಟರನು ಬಿಗುಮಾನ ತೋರುವುದು ಉಚಿತವಲ್ಲವಷ್ಟೆ.

ಕೆಲಸಕ್ಕಿಂತ ಮುಂಚೆ ಸಲಹೆಗಳು ಬಂದವು. ಬೈಂದೂರಿನ ಭಾವನವರು ಕಾಫಿಯ ಲೋಟ ಕೆಳಗಿಡುವುದಕ್ಕೆ ಮೊದಲೇ “ಪೂರಾ ಬೋಳಿಸಿ ಬಿಡಿ ಭಾವ, ರಗಳೆಯೇ ಇಲ್ಲ” ಎಂದು ತೀರ್ಪಿತ್ತರು. ಯೌವನವನ್ನೆಲ್ಲ ಮುಂಬಯಿಯ ಹೋಟೆಲಿಗೆ ಧಾರೆಯೆರೆದು ಮರಳಿದ ಬ್ರಹ್ಮಾವರದ ಷಡ್ಡಕರು ಗಾಣದ ತೆಂಗಿನೆಣ್ಣೆಯನ್ನು ಅಡಿಯಿಂದ ಮುಡಿಯವರೆಗೆ ಪೂಸತಕ್ಕದ್ದೆಂದರು. ಎರಡನ್ನೂ ಪಶುವೈದ್ಯರು ತಳ್ಳಿಹಾಕಿದರು. ಚರ್ಮ ಕಾಣುವಂತೆ ಬೋಳಿಸಿದರೆ ಬಿಸಿಲಿನ ರಕ್ಷೆಯೂ ತಪ್ಪುವುದು, ಕೂದಲು ಮೊದಲಿನಂತೆ ಬರುವ ಭರವಸೆಯೂ ಇರದು. ಎಣ್ಣೆ ಪೂಸಿದರೆ ಅರ್ಧವನ್ನು ನಾಯಿ ನೆಕ್ಕುವುದು, ಉಳಿದರ್ಧಕ್ಕೆ ಧೂಳು ಮೆತ್ತುವುದು.

ಅಂತೂ ಅಧಿಕಾರಸೂತ್ರವು ಲೆಸ್ಟರಿನ ಸೊಸೆಯ ಕೈಸೇರಿತು. ಬೇಸಗೆಯಲ್ಲಿ ಅವರ ಗಡಿಯಾರ ನಮ್ಮದಕ್ಕಿಂತ ನಾಲ್ಕೂವರೆ ಗಂಟೆ ಹಿಂದಿರುವುದರಿಂದ, ಇಲ್ಲಿ ಭಾನುವಾರದ ಕೋಳಿಸಾರಿನ ಊಟ ಮುಗಿದು ಕಣ್ಣು ಎಳೆಯುವ ಮುಹೂರ್ತಕ್ಕೆ ಸರಿಯಾಗಿ ಅಲ್ಲಿ ಬೆಳಗಿನ ಉತ್ಸಾಹ ಉದಯಿಸಿ ಮೊಬೈಲು ಮೊಳಗುತ್ತದೆ. ಫೋನನ್ನು ಅಕ್ಕಿಡಬ್ಬಕ್ಕೆ ಆನಿಸಿ, ಆಸ್ಕರನನ್ನು ಚಾಪೆಯ ಮೇಲೆ ಮಲಗಿಸಿದೊಡನೆ ಆಜ್ಞೆಗಳು ಹೊರಡುತ್ತವೆ. ಸ್ನಾನಕ್ಕೆ ಮೊದಲೇ ಬಾಚಬೇಕು, ನೀರು ತಾಗಿದರೆ ಗಂಟು ಇನ್ನಷ್ಟು ಬಿಗಿಯುತ್ತದೆ. ಗಂಟಿನ ಬುಡವನ್ನು ಎಡಗೈಯಿಂದ ಹಿಡಿದುಕೊಂಡು ತುದಿಯಿಂದ ಬಿಡಿಸುತ್ತ ಬರಬೇಕು, ಇಲ್ಲವಾದರೆ ಚರ್ಮ ಜಗ್ಗುತ್ತದೆ. ಕಿವಿಯ ಹಿಂದೆಯೂ ಕಂಕುಳಲ್ಲಿಯೂ ಕತ್ತರಿಯಾಡಿಸಲಾಗದು, ಗಂಟಿನೊಳಗೆ ತೊಗಲಿನ ಮಡಿಕೆ ಸೇರಿಕೊಂಡಿರುತ್ತದೆ. “ಮಾವ, ಬೆರಳಲ್ಲೇ ಬಿಡಿಸಿ. ಮಾವ, ಆ ಬದಿ ಬಿಟ್ಟುಹೋಯ್ತು. ಮಾವ, ನಿದ್ರೆ ಮಾಡ್ತಿದ್ದೀರಾ?” ಮೂವತ್ತು ವರ್ಷ ಮಕ್ಕಳಿಗೆ ಕಾಪಿ ತಿದ್ದಿದವನ ಕೆಲಸವನ್ನು ಈಗ ಏಳು ಸಮುದ್ರದಾಚೆಯಿಂದ ತಿದ್ದುತ್ತಾರೆ. ಒಂದು ಪಾರ್ಶ್ವ ಮುಗಿದು ಇನ್ನೊಂದು ಉಳಿದಾಗ ಆಸ್ಕರನು, ಚೌಕಿಯಲ್ಲಿ ಅರ್ಧ ಬಣ್ಣ ತೆಗೆದ ವೇಷಧಾರಿಯಂತೆ, ಯಾವ ಪಾತ್ರಕ್ಕೂ ಸಲ್ಲದೆ ಕುಳಿತಿರುತ್ತಾನೆ.

ಸ್ನಾನದ ಪ್ರಕರಣದಲ್ಲಿ ಮಾತ್ರ ಸೊಸೆಯ ಆಜ್ಞೆಗೆ ಪ್ರತಿಭಟನೆಯುಂಟು. ನಾಯಿಗೆಂದೇ ತಯಾರಾದ ಶಾಂಪೂ ವಿನಾ ಬೇರೇನೂ ಸಲ್ಲದೆಂದು ಆಕೆ ವಿಧಿಸಿದಾಗ, ಸೀಗೆಕಾಯಿಯ ಬಟ್ಟಲು ಹಿಡಿದು ನಿಂತಿದ್ದ ನನ್ನ ಧರ್ಮಪತ್ನಿ ಫೋನಿನೊಳಕ್ಕೇ ಬಗ್ಗಿ, “ನಿನ್ ಗಂಡನ್ ತಲಿ ನಾನ್ ತೊಳ್ದದ್ ಸೀಗಿಕಾಯಿ ಹಾಕಿಯೇ. ಬೋಳಾದ್ದ್ ಶಾಂಪೂ ಹಾಕುಕೆ ಸುರು ಮಾಡ್ದ್ ಮೇಲೆ” ಎಂದಳು. ಪರದೆಯ ಮೂಲೆಯಲ್ಲಿ ಕಾಣುತ್ತಿದ್ದ ಮಗನ ನೆತ್ತಿ ಸದ್ದಿಲ್ಲದೆ ಹಿಂಜರಿಯಿತು.

ನಾಯಿ ಬರುವುದಕ್ಕೆ ಮೊದಲು ನಮ್ಮ ಭಾನುವಾರದ ಸಂಭಾಷಣೆಯು ಊಟವಾಯಿತೇ, ಮಳೆಯಿದೆಯೇ, ಗುಳಿಗೆ ತೆಗೆದುಕೊಂಡಿರೇ ಎಂಬ ಪ್ರಶ್ನತ್ರಯದಲ್ಲಿ ಪರಿಸಮಾಪ್ತವಾಗುತ್ತಿತ್ತು. ಈಗ ಗಂಟೆ ಕಳೆದರೂ ಮುಗಿಯದು. ಆಸ್ಕರನ ಎಡಗಿವಿಯ ಕ್ಷೇಮಸಮಾಚಾರವಾದ ಮೇಲೆ, ಸಮಯ ಉಳಿದರೆ, ನನ್ನ ಬಲಮೊಣಕಾಲಿನ ವಿಷಯವೂ ಬರುವುದುಂಟು. ಆ ಕ್ರಮದ ಬಗೆಗೆ ನನಗೆ ಆಕ್ಷೇಪವಿಲ್ಲ.

ಕಳೆದ ವಾರ ಮೊಮ್ಮಗನು ಮನೆಯೊಳಗೂ ಟೊಪ್ಪಿ ಹಾಕಿಕೊಂಡು ಕುಳಿತಿದ್ದನು. ಅಲ್ಲಿಯ ಕ್ಷೌರದಂಗಡಿಯ ದರವನ್ನು ರೂಪಾಯಿಗೆ ಪರಿವರ್ತಿಸಿ ನೋಡಿ ದಿಗ್ಭ್ರಾಂತನಾದ ನನ್ನ ಮಗನು, ಅಪ್ಪಯ್ಯನಿಗೆ ಈ ವಯಸ್ಸಿನಲ್ಲಿ ಸಾಧ್ಯವಾದುದು ತನಗೇಕಾಗದೆಂದು ಮೆಷಿನು ತರಿಸಿ, ಹಿಂದಿನ ರಾತ್ರಿ ಮಗನ ತಲೆಯ ಮೇಲೆ ಸ್ವಯಂ ಪ್ರಯೋಗಿಸಿದ್ದನಂತೆ. ಬಹಳ ಒತ್ತಾಯದ ಮೇಲೆ “ಅಜ್ಜಯ್ಯ, ನಗಬೇಡಿ” ಎಂದು ಹುಡುಗನು ಟೊಪ್ಪಿ ತೆಗೆದನು. ನನ್ನ ಪತ್ನಿಯು ಕನ್ನಡಕ ಏರಿಸಿ ಪರದೆಯನ್ನು ಬಹಳ ಹೊತ್ತು ನಿರುಕಿಸಿದಳು. ಅನಂತರ ಚಾಪೆಯ ಮೇಲಿದ್ದ ಆಸ್ಕರನನ್ನು ನೋಡಿದಳು. ಮತ್ತೊಮ್ಮೆ ಪರದೆಯನ್ನು ನೋಡಿ, ನನ್ನ ಕಡೆಗೆ ತಿರುಗಿ ಹೇಳಿದಳು:

“ಹ್ವಾಯ್, ಕಾಂಬುಕೆ ನಾಯಿದೇ ಅಡ್ಡಿಲ್ಲ.”