ನಾಟಕ ಓದಿ ಬಂದವನು

ನಾಟಕ ಆಡುವುದು ನಮ್ಮೂರಿಗೆ ಗೊತ್ತಿತ್ತು. ಆಡಿಸುವುದು ಗೊತ್ತಿತ್ತು. ನೋಡುತ್ತ ನೋಡುತ್ತ ಎರಡನೇ ಅಂಕಕ್ಕೆ ನಿದ್ದೆ ಹೋಗುವುದಂತೂ ಕೂಸಿಗೂ ಗೊತ್ತಿತ್ತು. ಆದರೆ ನಾಟಕವನ್ನು ಯುನಿವರ್ಸಿಟಿಗೆ ಹೋಗಿ ಎರಡು ವರ್ಷ ಓದಬೇಕಾಗುತ್ತದೆ ಎಂಬುದು ಇಟಗಿಗೆ ತಿಳಿದದ್ದು ಇವನಿಂದಲೇ. ಹೆಸರು ಬೇಡ. ನಿಮ್ಮೂರಲ್ಲೂ ಇಂಥವನೊಬ್ಬ ಇರುತ್ತಾನೆ, ಅವನ ಹೆಸರನ್ನೇ ಇಟ್ಟುಕೊಳ್ಳಿ.

ಬೆಂಗಳೂರಿಗೆ ಹೋಗುವಾಗ ಅವನ ಬಳಿ ಒಂದು ಬಿ.ಎ. ಇತ್ತು, ಗಲ್ಲ ನುಣ್ಣಗಿತ್ತು. ವಾಪಸ್ ಬನ್ನಿಕೊಪ್ಪದಲ್ಲಿ ಬಸ್ ಇಳಿದಾಗ ಎಂ.ಪಿ.ಎ., ಗಡ್ಡ, ಮೊಣಕಾಲು ಮುಚ್ಚುವ ಜುಬ್ಬಾ, ಹೆಗಲಿಗೊಂದು ಬಟ್ಟೆ ಚೀಲ. ಎಂ.ಪಿ.ಎ. ಎಂದರೆ ಪ್ರದರ್ಶನ ಕಲೆಯಲ್ಲಿ ಸ್ನಾತಕೋತ್ತರ ಪದವಿ ಎಂದು ಅವನು ಚಾದಂಗಡಿಯಲ್ಲಿ ಬಿಡಿಸಿ ಹೇಳಿದ. ಮೂಲೆಯಲ್ಲಿ ಕೂತಿದ್ದ ಮುತ್ಯಾನಿಗೆ ಮೊದಲ ಎರಡಕ್ಷರ ಮಾತ್ರ ಕೇಳಿಸಿತ್ತು. "ಎಂ.ಪಿ. ಆದ್ಯಾ? ಚಲೋ ಆತು ಬಿಡು. ಯಾವ ಪಾರ್ಟಿ?"

ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಇದಕ್ಕ ಬಿ.ಎಡ್. ಐತೇನು?" ಇವನು ಬಿ.ವಿ. ಕಾರಂತರ ಕಥೆ ತೆಗೆದ. ಗುಬ್ಬಿ ಕಂಪನಿಯಿಂದ ಕಾಶಿಗೆ, ಕಾಶಿಯಿಂದ ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಗೆ, ಮುಂದೆ ಅದೇ ಶಾಲೆಗೆ ನಿರ್ದೇಶಕರಾಗಿ, 1989ರಲ್ಲಿ ಮೈಸೂರಿನ ರಂಗಾಯಣಕ್ಕೆ. ಅಪ್ಪ ಪೂರ್ತಿ ಕೇಳಿಸಿಕೊಂಡು, "ಅವ್ರು ಮೊದಲ ಕಂಪನಿ ಸೇರಿ ಆಮ್ಯಾಲ ಓದಿದ್ರು. ನೀ ಮೊದಲ ಓದೀದಿ. ಈಗ ಯಾವ ಕಂಪನಿ ಐತಿ ಸೇರಾಕ?" ಎಂದು ಕೇಳಿ ಹೊಲಕ್ಕೆ ಹೋದರು.

ಮರುದಿನ ಬೆಳಿಗ್ಗೆ ಹಾಲು ಹಿಂಡಲು ಹೋದ ಅವ್ವ ಚರಿಗೆ ಕೈಬಿಟ್ಟಳು. ಮಗ ದಂದಕ್ಕಿಯಲ್ಲಿ ಎಮ್ಮೆಯ ಪಕ್ಕ ನಾಲ್ಕೂ ಊರಿ ನಿಂತು, ಬಾಯಿ ಅಡ್ಡಡ್ಡ ಆಡಿಸುತ್ತಿದ್ದ. ಪ್ರಾಣಿಗಳನ್ನು ಗಮನಿಸಿ ಅವುಗಳ ತೂಕ, ಉಸಿರು, ನಡಿಗೆಯನ್ನು ನಟ ತನ್ನ ಮೈಗೆ ತಂದುಕೊಳ್ಳುವ ಅಭ್ಯಾಸ ನಾಟಕ ಶಾಲೆಗಳಲ್ಲಿ ನಿಜವಾಗಿಯೂ ಇದೆ. ಅವ್ವನಿಗೆ ಯಾರು ಹೇಳಬೇಕು? "ಎಮ್ಮಿ ಕಾಯಾಕ ಬ್ಯಾಸರ ಅಂತ ಓದಾಕ ಹೋದಿ. ಎರಡು ವರ್ಷದಾಗ ಎಮ್ಮಿನ ಆಗಿ ಬಂದ್ಯಲ್ಲೋ!" ಎಮ್ಮೆ ಮಾತ್ರ ಇವನ ಕಡೆ ತಿರುಗಿ ನೋಡಲಿಲ್ಲ. ಪಾತ್ರದೊಳಗೆ ಇಳಿಯುವುದೆಂದರೆ ಅದು.

ಇಂಥವರಿಗೆ ಊರು ಊರಾಗಿ ಕಾಣುವುದಿಲ್ಲ, 'ಸ್ಪೇಸ್' ಆಗಿ ಕಾಣುತ್ತದೆ. ಅದರಲ್ಲೂ ನಮ್ಮದು ಮಹಾದೇವ ದೇವಾಲಯದ ಊರು. 1112ರಲ್ಲಿ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು. ಶಾಸನವೇ ಅದನ್ನು ದೇವಾಲಯ ಚಕ್ರವರ್ತಿ ಎಂದು ಕರೆದಿದೆ. ಬಳಪದ ಕಲ್ಲಿನ ಆ ಕಂಬಗಳನ್ನು ನೋಡಿ ನಾವು ಕೈ ಮುಗಿಯುತ್ತೇವೆ, ಇವನು ಬೆರಳುಗಳಿಂದ ಚೌಕ ಮಾಡಿ ಒಂದು ಕಣ್ಣು ಮುಚ್ಚುತ್ತಾನೆ. ತೆರೆದ ಮಂಟಪದಲ್ಲಿ 'ತುಘಲಕ್' ಆಡಿಸಬೇಕು, ಪುಷ್ಕರಣಿಯ ಮೆಟ್ಟಿಲ ಮೇಲೆ ಜನ ಕೂರಬೇಕು ಎಂಬುದು ಅವನ ಲೆಕ್ಕ. ಹೊತ್ತು ಮೂಡುವ ಮುಂಚೆ ಅದೇ ಮೆಟ್ಟಿಲ ಮೇಲೆ ನಿಂತು "ಮಾ... ಮೇ... ಮೀ..." ಎಂದು ಧ್ವನಿ ತೀಡುತ್ತಿದ್ದ. ಹಾದಿಯಲ್ಲಿ ಹೊರಟಿದ್ದ ಕುರಿಯೊಂದು ನಿಂತು ಉತ್ತರ ಕೊಟ್ಟಿತು. ಕುರಿ ಕಾಯುವವನು ಸಿಟ್ಟಾದ. ಕಾವಲುಗಾರನದು ಒಂದೇ ಮಾತು: "ತುಘಲಕ್ ಬರ್ಲಿ, ಯಾರ ಬರ್ಲಿ, ಹೊತ್ತು ಮುಳುಗಿದ ಮ್ಯಾಲ ಗೇಟ್ ತಗಿಯಂಗಿಲ್ಲ."

ಸಂಜೆಗೆ ಚಾದಂಗಡಿ. ಒಗ್ಗರಣಿ-ಮಿರ್ಚಿ ತಿನ್ನುವವರ ನಡುವೆ ಕೂತು, ಹಾಲಿಲ್ಲದ ಚಾ ಕುಡಿಯುತ್ತ, ಬ್ರೆಕ್ಟ್‌ನ ಬಗ್ಗೆ ಹೇಳುತ್ತಿದ್ದ. ಜರ್ಮನಿಯ ಈ ನಾಟಕಕಾರ 1935ರಲ್ಲಿ ಮಾಸ್ಕೋದಲ್ಲಿ ಮೇ ಲಾನ್‌ಫಾಂಗ್ ಎಂಬ ಚೀನೀ ನಟನ ಅಭಿನಯ ನೋಡಿ ಬೆರಗಾಗಿದ್ದನಂತೆ. ನಟ ಪಾತ್ರದಲ್ಲಿ ಮುಳುಗಿಹೋಗಬಾರದು, ನೋಡುವವನೂ ಮೈಮರೆಯಬಾರದು, ಇದು ನಾಟಕ ಎಂಬುದು ಆಗಾಗ ನೆನಪಾಗುತ್ತಿರಬೇಕು. ಅದಕ್ಕಾಗಿ ಆಟವನ್ನು ನಡುನಡುವೆ ಮುರಿಯಬೇಕು. ಪೇಟಿ ಮಾಸ್ತರರು ಮಿರ್ಚಿ ಮುರಿಯುತ್ತ ಕೇಳಿದರು: "ನಮ್ಮ ದೊಡ್ಡಾಟದಾಗ ರಾವಣ ಬಂದು ನಿಂತ್ರ ಸಾರಥಿ 'ತಾವು ಯಾರು, ಯಾವ ಊರು' ಅಂತ ಕೇಳ್ತಾನಲ್ಲ, ಹಂಗೇನು?" ಇವನು ಚಾ ಲೋಟ ಕೆಳಗಿಟ್ಟು, ಚೀಲದಿಂದ ನೋಟ್‌ಬುಕ್ ತೆಗೆದು ಬರೆದುಕೊಂಡ. ಆಮೇಲೆ, "ಅಷ್ಟು ಸರಳ ಅಲ್ರೀ ಮಾಸ್ತರ" ಎಂದ.

ಜಾತ್ರೆಯ ನಾಟಕದ ತಾಲೀಮು ಶುರುವಾದಾಗ ಇವನನ್ನು ಬಿಟ್ಟರೆ ಹೇಗೆ ಎಂದು ಕಮಿಟಿಯವರೇ ಕರೆದರು. ನಮ್ಮ ಕಡೆಯ ಸಾಮಾಜಿಕ ನಾಟಕ ನಿಮಗೆ ಗೊತ್ತಿರಬಹುದು. ಹೆಸರಿನಲ್ಲಿ ತಂಗಿ, ತಾಳಿ, ಕಣ್ಣೀರು ಈ ಮೂರರಲ್ಲಿ ಎರಡಾದರೂ ಇರಬೇಕು, ನಡುವೆ 'ಅರ್ಥಾತ್' ಎಂದು ಬರಲೇಬೇಕು. ಪಟ್ಟಿ ಹೆಚ್ಚು ಕೊಟ್ಟವನು ಹೀರೋ, ಅದಕ್ಕಿಂತ ಸ್ವಲ್ಪ ಕಡಿಮೆ ಕೊಟ್ಟವನು ವಿಲನ್, ಏನೂ ಕೊಡದವನು ಪೊಲೀಸ್ ಪೇದೆ. ಇವನು ಬಂದವನೇ "ಆಡಿಷನ್ ಮಾಡೋಣ" ಎಂದ. ಪಟ್ಟಿ ಕೊಟ್ಟವರು ಒಬ್ಬರ ಮುಖ ಒಬ್ಬರು ನೋಡಿದರು. ಬಣ್ಣದ ಸೀನು ಬೇಡ, ಹಿಂದೆ ಒಂದು ಕಪ್ಪು ಪರದೆ ಸಾಕು ಎಂದ. ಅರಮನೆ, ಬಜಾರು, ಕಾಡು ಮೂರಕ್ಕೂ ಗದಗಿನಲ್ಲಿ ಮುಂಗಡ ಕೊಟ್ಟಾಗಿತ್ತು. "ಜಾತ್ರ್ಯಾಗ ಕರೀ ಪರದಿ ಕಟ್ಟಾಕ ಯಾರು ಸತ್ತಾರಪಾ?" ಎಂದು ಕಮಿಟಿಯ ಹಿರಿಯರು ಕೇಳಿದ ಮೇಲೆ ಅಲ್ಲಿಗೆ ನಿಂತಿತು.

ಹೆಣ್ಣು ಪಾತ್ರಕ್ಕೆ ಮರಿಯಮ್ಮನಹಳ್ಳಿಯಿಂದ ಕಲಾವಿದೆಯೊಬ್ಬರು ಬಂದಿದ್ದರು. ಆ ಊರಿನ ಹೆಣ್ಣುಮಕ್ಕಳಿಗೆ ರಂಗಭೂಮಿ ಓದಬೇಕಾದ ವಿಷಯವಲ್ಲ, ದುಡಿಮೆ. ನಾಟಕದ ದಿನವೇ ಮಧ್ಯಾಹ್ನ ಇಳಿದು, ರಾತ್ರಿ ಒಂದು ಮಾತೂ ತಪ್ಪದಂತೆ ಆಡಿ, ಬೆಳಗಿನ ಬಸ್ಸಿಗೆ ಮುಂದಿನ ಊರು. ಇವನು ಅವರೆದುರು ಕೂತು, ಈ ತಂಗಿಯ ಬಾಲ್ಯ ಹೇಗಿತ್ತು, ಅಣ್ಣನ ಬಗ್ಗೆ ಅವಳ ಒಳಮನಸ್ಸಿನಲ್ಲಿ ಏನಿದೆ ಎಂದೆಲ್ಲ ವಿವರಿಸಿದ. ಅವರು ಎಲೆಯಡಿಕೆ ಹಾಕುತ್ತ ಕೇಳಿಸಿಕೊಂಡರು. "ಅಣ್ಣಾರ, ನಂದು ಎಷ್ಟು ಸೀನು, ಎಷ್ಟು ಹಾಡು? ಅಷ್ಟು ಹೇಳ್ರಿ. ಬಾಲ್ಯದ ಸೀನಿದ್ರ ಅದಕ್ಕ ಬ್ಯಾರೆ ರೇಟು."

ರಾತ್ರಿ ಹತ್ತೂವರೆಗೆ ಪರದೆ ಎದ್ದಿತು. ನಾನು ಎಂದಿನಂತೆ ಸೈಡ್‌ವಿಂಗಿನಲ್ಲಿ ಪುಸ್ತಕ ಹಿಡಿದು ಪ್ರಾಂಪ್ಟಿಗೆ, ಇವನು ನನ್ನ ಪಕ್ಕ. ಅಣ್ಣ ತಂಗಿಯನ್ನು ಮನೆಯಿಂದ ಹೊರಗೆ ಹಾಕುವ ದೃಶ್ಯ ಬಂತು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಅಷ್ಟರಲ್ಲಿ ಮೈಕು ಗರಗರ ಎಂದಿತು. ಹೀರೋನ ಸೋದರಮಾವನಿಂದ ಹೀರೋಗೆ 101 ರೂಪಾಯಿ ಆಯೇರಿ. ತಂಗಿಯ ಜುಟ್ಟು ಬಿಟ್ಟು ಅಣ್ಣ ಮುಂದೆ ಬಂದ, ಕೈ ಮುಗಿದ, ನೋಟು ಎದೆಗೆ ಪಿನ್ ಹಾಕಿಸಿಕೊಂಡ, ಹಿಂದೆ ಹೋಗಿ ಅದೇ ಜುಟ್ಟು ಹಿಡಿದ. ಇವನು ತಲೆ ಚಚ್ಚಿಕೊಂಡ. "ಛೆ! ಇಡೀ ಭಾವ ಮುರಿದು ಹೋತು!" ಪೇಟಿಯ ಮುಂದಿನಿಂದಲೇ ಮಾಸ್ತರರು ಇವನ ಕಡೆ ವಾಲಿ, "ನಡುನಡುವ ಮುರೀಬೇಕು ಅಂದಿದ್ನಲ್ಲಪಾ ಆ ಜರ್ಮನಿಯಾಂವ?" ಎಂದು ಕೇಳಿ ಮುಂದಿನ ಹಾಡಿಗೆ ಶ್ರುತಿ ಹಿಡಿದರು.

ಮೂರನೇ ಅಂಕಕ್ಕೆ ಪೊಲೀಸ್ ಪೇದೆ ಸಿಗಲಿಲ್ಲ. ಟೆಂಟಿನ ಹಿಂದೆ ಬಿದ್ದಿದ್ದ, ಏಳುವ ಸ್ಥಿತಿಯಲ್ಲಿರಲಿಲ್ಲ. ಎಲ್ಲರೂ ಇವನ ಕಡೆ ನೋಡಿದರು. ಖಾಕಿ ಅಂಗಿ ಹಾಕಿದರು, ಗಡ್ಡಕ್ಕೆ ಏನೂ ಮಾಡಲಾಗಲಿಲ್ಲ. ಇದ್ದದ್ದು ಒಂದೇ ಮಾತು: "ಸಾಹೇಬರ, ಕೊಲೆಗಾರ ಸಿಕ್ಕಾನ್ರಿ." ಇವನು ನಿಧಾನಕ್ಕೆ ರಂಗದ ನಡುವೆ ಬಂದ. ಹೆಣ ನೋಡಿದ. ಉಸಿರೆಳೆದುಕೊಂಡ. ನಿಂತ. ಪೇದೆಯ ಒಳಗೆ ಏನೇನು ನಡೆಯುತ್ತಿತ್ತೋ, ಹೊರಗೆ ಮಾತ್ರ ಏನೂ ನಡೆಯಲಿಲ್ಲ. ನಾನು "ಸಾಹೇಬರ..." ಎಂದೆ. ಸುಮ್ಮನೆ. ಇನ್ನೊಮ್ಮೆ ಜೋರಾಗಿ ಎಂದೆ. ಸುಮ್ಮನೆ. ಜನರಿಂದ ಕೂಗು ಬಂತು: "ಮಾತ ಮರ್ತಾನ! ಹೇಳಿಕೊಡ್ರೋ!" ಮುಂದಿನ ಸಾಲಿನ ಹುಡುಗರು ಮೂರೂ ಅಂಕ ಬಾಯಿಪಾಠ ಮಾಡಿದವರು, ಒಟ್ಟಿಗೆ ಕಿರುಚಿದರು: "ಕೊಲೆಗಾರ ಸಿಕ್ಕಾನ್ರಿ!" ಸಾಹೇಬರು ಅವರ ಮಾತನ್ನೇ ಹಿಡಿದು ಮುಂದುವರಿಸೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ಮತ್ತೆ ಮೈಕು ಗರಗರ ಎಂದಿತು. ಮಾತು ಮರೆತರೂ ಧೈರ್ಯ ಬಿಡದೆ ನಿಂತ ಪೇದೆಗೆ ಚಾದಂಗಡಿಯ ಗೆಳೆಯರಿಂದ 11 ರೂಪಾಯಿ.

ಇವನು ಒಂದು ಕ್ಷಣ ಅತ್ತಿತ್ತ ನೋಡಿದ. ಮುಂದೆ ಬಂದ, ಕೈ ಮುಗಿದ, ಎದೆ ಮುಂದೆ ಮಾಡಿ ಪಿನ್ ಹಾಕಿಸಿಕೊಂಡ. ಮತ್ತೆ ಹೆಣದ ಹತ್ತಿರ ಹೋಗಿ, ಉಸಿರೆಳೆದುಕೊಂಡು, ಆ ಮೌನವನ್ನು ಬಿಟ್ಟಲ್ಲಿಂದಲೇ ಶುರು ಮಾಡಿದ.