ಗುಡ್ಡೆಯ ಊರಿಗೆ ಮಕ್ಕಳ ದಂಡು

ಏಪ್ರಿಲ್ ಬಂತೆಂದರೆ ಬೆಂಗಳೂರಿನ ನೆಂಟರಿಗೆ ಕಡಲು ನೆನಪಾಗುತ್ತದೆ. ಕಡಲಿನ ಬೆನ್ನಿಗೇ ಮಂಗಳೂರಿನಲ್ಲಿರುವ ನಾವೂ ನೆನಪಾಗುತ್ತೇವೆ. ವರ್ಷವಿಡೀ ಒಂದು ಮಿಸ್ಡ್ ಕಾಲ್ ಕೂಡ ಕೊಡದ ನನ್ನ ತಂಗಿಯ ಗಂಡ, ಮಕ್ಕಳ ಪರೀಕ್ಷೆ ಮುಗಿದ ಸಂಜೆಯೇ ಫೋನು ಮಾಡಿ, "ಭಾವ, ಸೆಕೆ ಹೇಗಿದೆ ಅಲ್ಲಿ?" ಎಂದು ವಿಚಾರಿಸುತ್ತಾರೆ. ನಮ್ಮ ಸೆಕೆಯ ಬಗ್ಗೆ ಅಷ್ಟು ಕಾಳಜಿ ಬಂದಿದೆಯೆಂದರೆ ರೈಲಿನ ಟಿಕೆಟು ಆಗಿದೆ ಎಂದೇ ತಿಳಿಯಬೇಕು.

ಕಡಲೂರು ಎಂದರೆ ಚಪ್ಪಟೆಯಾಗಿರುತ್ತದೆ ಎಂದು ಘಟ್ಟದ ಮೇಲಿನವರ ನಂಬಿಕೆ. ಮಂಗಳೂರು ಆ ನಂಬಿಕೆಯನ್ನು ಮೊದಲ ದಿನವೇ ಮುರಿಯುತ್ತದೆ. ಬಾವುಟಗುಡ್ಡೆ ಹತ್ತಬೇಕು, ಹಂಪನಕಟ್ಟೆಗೆ ಇಳಿಯಬೇಕು, ಕದ್ರಿಗೆ ಮತ್ತೆ ಹತ್ತಬೇಕು. ದಾರಿ ಕೇಳಿದರೆ "ಇಲ್ಲೇ ಮೇಲೆ ಮಾರಾಯ್ರೆ", "ಹೀಗೇ ಕೆಳಗೆ ಹೋಗಿ" ಎಂಬ ಉತ್ತರ. ದೊಡ್ಡವರಿಗೆ ಇದು ಮೊಣಕಾಲಿನ ಪ್ರಶ್ನೆ. ಮಕ್ಕಳಿಗೆ ಊರಿಡೀ ಜಾರುಬಂಡಿ.

ನಾನೂ ಭಾವನೆಂದೇ ಕರೆಯುವ ತಂಗಿಯ ಗಂಡ ಫೋನಿನಲ್ಲೇ ಒಂದು ಪಟ್ಟಿ ಮಾಡಿಕೊಂಡು ಬಂದಿದ್ದರು: ಚಾಪೆಲ್, ಕದ್ರಿ, ಪಿಲಿಕುಳ, ಸುಲ್ತಾನ್ ಬತ್ತೇರಿ, ಪಣಂಬೂರು. ಎಲ್ಲವೂ ಒಂದೇ ದಿನಕ್ಕೆ! ಕಾರು ಮಾಡೋಣವೆಂದರು. ಮಕ್ಕಳಿಗೆ ಸಿಟಿ ಬಸ್ಸೇ ಆಗಬೇಕೆಂದು ನಾನು ಹಟ ಹಿಡಿದೆ. ಖಾಸಗಿ ಸಿಟಿ ಬಸ್ಸು ಇಳಿಜಾರಿನಲ್ಲಿ ತಿರುವು ತೆಗೆದುಕೊಳ್ಳುವಾಗ ಸಿಗುವ ಸುಖಕ್ಕೆ ಬೇರೆ ಕಡೆ ಟಿಕೆಟು ದುಬಾರಿ. ಕಂಡಕ್ಟರನ "ರೈಟ್ ಪೋಯಿ" (ತುಳುವಿನಲ್ಲಿ "ರೈಟ್, ಹೋಗೋಣ") ಸಣ್ಣವಳಿಗೆ ಒಡನೆ ಬಾಯಿಪಾಠವಾಯಿತು. ಆಮೇಲೆ ಅವಳ ಅಪ್ಪಣೆಯಿಲ್ಲದೆ ನಮ್ಮ ಮನೆಯಲ್ಲಿ ಯಾರೂ ಅಡುಗೆಮನೆಗೂ ಹೊರಡಲಿಲ್ಲ. ದೊಡ್ಡವನಿಗೆ ಬೇರೆ ಚಿಂತೆ. "ಮಾವ, ಈ ಊರಲ್ಲಿ ಎಲ್ಲ ಬಸ್ಸೂ ಸ್ಟೇಟ್‌ಬ್ಯಾಂಕಿಗೇ ಯಾಕೆ ಹೋಗುತ್ತೆ?" ಬ್ಯಾಂಕಿನ ಹತ್ತಿರದ ಬಸ್ ನಿಲ್ದಾಣಕ್ಕೆ ಆ ಹೆಸರು ಎಂದೆ. "ಅಪ್ಪ ಪ್ರತಿ ತಿಂಗಳೂ ಕಂತು ಕಟ್ಟೋದು ಇಲ್ಲೇನಾ?" ಭಾವ ಕಿಟಕಿಯ ಹೊರಗಿನ ತೆಂಗಿನ ಮರಗಳನ್ನು ಆಸಕ್ತಿಯಿಂದ ನೋಡತೊಡಗಿದರು.

ಸೇಂಟ್ ಅಲೋಶಿಯಸ್ ಚಾಪೆಲ್‌ನ ಗೋಡೆ, ಚಾವಣಿಗಳ ತುಂಬ ಇಟಲಿಯಿಂದ ಬಂದ ಅಂತೋನಿಯೊ ಮೊಸ್ಕೇನಿ 1899ರಲ್ಲಿ ಆರಂಭಿಸಿದ ಚಿತ್ರಗಳಿವೆ. ನಾವು ಕತ್ತೆತ್ತಿ ಮೈಮರೆತು ನಿಂತಿದ್ದೆವು. ಸಣ್ಣವಳು ಸೆರಗು ಜಗ್ಗಿ ತಾಯಿಯನ್ನು ಕೇಳಿದಳು: "ಗೋಡೆ ಮೇಲೆಲ್ಲ ಬರೆದಿದ್ದಕ್ಕೆ ಅವರಮ್ಮ ಬೈಲಿಲ್ವಾ?" ನ್ಯಾಯವಾದ ಪ್ರಶ್ನೆ. ಹಿಂದಿನ ವಾರವಷ್ಟೇ ಬಣ್ಣದ ಪೆನ್ಸಿಲಿಗಾಗಿ ಪೆಟ್ಟು ತಿಂದವಳು. ಕದ್ರಿಯ ಮಂಜುನಾಥ ದೇವಸ್ಥಾನದಲ್ಲಿ, ಕ್ರಿ.ಶ. 968ರ ಶಾಸನವಿರುವ ಲೋಕೇಶ್ವರನ ಕಂಚಿನ ವಿಗ್ರಹದ ಮುಂದೆ ನಾನು ಇತಿಹಾಸ ತೆಗೆದೆ. ಮುಗಿಸುವಷ್ಟರಲ್ಲಿ ಇಬ್ಬರೂ ಮೇಲಿನ ಕೆರೆಗಳ ಮೆಟ್ಟಿಲು ಹತ್ತಿಯಾಗಿತ್ತು. ಇತಿಹಾಸವನ್ನು ಭಾವ ಒಬ್ಬರೇ ಕೇಳಿದರು, ಅದೂ ಏದುಸಿರು ಬಿಡಲು ಸಮಯ ಬೇಕಿತ್ತೆಂದು.

ಪಟ್ಟಿ ಅಲ್ಲಿಗೇ ಮುಗ್ಗರಿಸಿತು. ಪಿಲಿಕುಳಕ್ಕೇ ಒಂದು ಇಡೀ ದಿನ ಬೇಕು. ಬೇಸಿಗೆಯ ಮಧ್ಯಾಹ್ನ ಅಲ್ಲಿನ ಮೃಗಾಲಯದ ಹುಲಿ ನೆರಳಿನಲ್ಲಿ ಮಗುಚಿ ಬಿದ್ದಿರುತ್ತದೆ. "ಎಬ್ಬಿಸಿ" ಎಂಬ ಮಕ್ಕಳ ಬೇಡಿಕೆಯನ್ನು ಯಾವ ಮಾವನೂ ಈಡೇರಿಸಲಾರ. ಬೆಳಿಗ್ಗೆಯೇ ಪ್ರಾಣಿಗಳನ್ನು, ಕಾಳಿಂಗ ಸರ್ಪವನ್ನು ನೋಡಿ ಮುಗಿಸಿ, ಬಿಸಿಲೇರಿದ ಮೇಲೆ ಸ್ವಾಮಿ ವಿವೇಕಾನಂದ ತಾರಾಲಯಕ್ಕೆ ನುಗ್ಗುವುದು ಬುದ್ಧಿವಂತಿಕೆ. 2018ರಲ್ಲಿ ಶುರುವಾದ ಈ ತ್ರೀಡಿ ತಾರಾಲಯದಲ್ಲಿ ಕನ್ನಡಕ ಹಾಕಿಕೊಂಡು ಮಕ್ಕಳು ಗ್ರಹಗಳನ್ನು ಹಿಡಿಯಲು ಕೈಚಾಚಿದರೆ, ದೊಡ್ಡವರು ಎಸಿಯ ತಂಪಿನಲ್ಲಿ ಅದೇ ಕನ್ನಡಕದ ಮರೆಯಲ್ಲಿ ಯಾರಿಗೂ ತಿಳಿಯದಂತೆ ನಿದ್ದೆ ಮಾಡಬಹುದು. ಗೊರಕೆ ಹೊಡೆಯಬಾರದು, ಅಷ್ಟೆ.

ಸುಲ್ತಾನ್ ಬತ್ತೇರಿ ಎಂದರೆ ಟಿಪ್ಪು 1784ರಲ್ಲಿ ಕಟ್ಟಿಸಿದ ಕಾವಲು ಕೋಟೆ. ಮಕ್ಕಳು ಅದರ ಮೆಟ್ಟಿಲು ಹತ್ತಿ, ಕಿಂಡಿಯಲ್ಲಿ ಇಣುಕಿ, ಶತ್ರುಗಳು ಬರುತ್ತಿಲ್ಲವೆಂದು ಖಚಿತಪಡಿಸಿಕೊಂಡರು. ಆಮೇಲೆ ಗುರುಪುರ ಹೊಳೆ ದಾಟಿಸುವ ದೋಣಿ ಕಂಡಿತು. ತಣ್ಣೀರುಬಾವಿಯ ಕಡಲತೀರ ಸೇರಿಸಲು ಅದಕ್ಕೆ ಕೆಲವೇ ನಿಮಿಷ ಸಾಕು. ಆಚೆ ದಡ ಮುಟ್ಟಿದ್ದೇ ಸಣ್ಣವಳು, "ವಾಪಸ್ ಹೋಗೋಣ, ಮತ್ತೆ ಬರೋಣ" ಎಂದಳು. ಕಡಲು ಕಾದರೆ ಕಾಯಲಿ!

ಪಣಂಬೂರಿನಲ್ಲಿ ನವಮಂಗಳೂರು ಬಂದರಿನ ಹೊರಗೆ ಹಡಗುಗಳು ಸರದಿಗಾಗಿ ನಿಂತಿದ್ದವು. "ಇಲ್ಲೂ ಸಿಗ್ನಲ್ ಇದೆಯಾ ಮಾವ?" ಎಂದ ದೊಡ್ಡವನು. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ನೋಡಿ ಬೆಳೆದ ಮಗು. ನಿಂತ ವಾಹನ ಕಂಡರೆ ಬೇರೇನು ತೋಚೀತು?

ಹತ್ತಿದ ಗುಡ್ಡೆಗಳ ಲೆಕ್ಕವೆಲ್ಲ ಸಮವಾಗುವುದು ಗಡ್‌ಬಡ್‌ನಲ್ಲಿ. 1975ರಿಂದ ಇರುವ ಐಡಿಯಲ್‌ನವರ ಐಸ್‌ಕ್ರೀಂ ಅಂಗಡಿಯಲ್ಲಿ ಉದ್ದ ಗ್ಲಾಸು ಮೇಜಿಗೆ ಬಂದಾಗ ಸಣ್ಣವಳು ಕುರ್ಚಿಯ ಮೇಲೆ ಎದ್ದು ನಿಂತಳು. ಜೆಲ್ಲಿ, ಹಣ್ಣು ಆರಿಸಿಕೊಂಡು ಮಕ್ಕಳು ಕೈಚೆಲ್ಲುತ್ತಾರೆ. ಉಳಿದದ್ದನ್ನು "ಹಾಳಾಗಬಾರದಲ್ಲ" ಎನ್ನುತ್ತ ಅಪ್ಪಂದಿರು ಖಾಲಿ ಮಾಡುತ್ತಾರೆ. ಭಾವ ಎರಡು ಗ್ಲಾಸು ಹಾಳಾಗದಂತೆ ನೋಡಿಕೊಂಡರು.

ಮಕ್ಕಳನ್ನು ಕಟ್ಟಿಕೊಂಡು ಮಂಗಳೂರಿಗೆ ಬರುವವರಲ್ಲಿ ವಿನಂತಿ ಇಷ್ಟೇ. ಬೆಳಿಗ್ಗೆ ಒಂದು ಗುಡ್ಡೆ, ಸಂಜೆ ಒಂದು ದಡ, ನಡುವೆ ಫ್ಯಾನಿನಡಿ ನಿದ್ದೆ. ಒಂದು ದಿನಕ್ಕೆ ಅಷ್ಟು ಧಾರಾಳ. ಮಳೆಗಾಲದಲ್ಲಿ ಕಡಲನ್ನು ದೂರದಿಂದಲೇ ನೋಡಿ, ನೀರಿಗಿಳಿಯಬೇಡಿ. ಉಳಿದ ಕಾಲದಲ್ಲೂ ಜೀವರಕ್ಷಕರ ಸೀಟಿಗೆ ಕಿವಿ ಕೊಡಿ. ಬಟ್ಟೆ ನಾಲ್ಕು ಜೊತೆ ಹೆಚ್ಚಿಗೆ ತನ್ನಿ, ಪಟ್ಟಿಯನ್ನು ಮಾತ್ರ ಬೆಂಗಳೂರಿನಲ್ಲೇ ಬಿಟ್ಟು ಬನ್ನಿ.